ತುದಿ ಬೀಗರದ್ದು, ನಡು ನಮ್ಮದು: ಎಂಜಿನ್ ಬದಲಿಸುವಾಗ ಸ್ಟೇರಿಂಗ್ ಪೈಪಿನ ಕೆಲಸ

(ಹಾಸನದಲ್ಲಿ ಹಳೆ ಜೀಪು ಇಟ್ಟುಕೊಂಡಿರುವ ಕೆಲವರು ಮತ್ತು ಐಟಿಐ ಹುಡುಗರ ಮುಂದೆ ಒಂದು ಭಾನುವಾರ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದು, ಸ್ವಲ್ಪ ತಿದ್ದಿದ್ದೇನೆ.)

ಮೇಜಿನ ಮೇಲೆ ಎರಡು ತುಂಡು ಇಟ್ಟಿದ್ದೇನೆ. ಒಂದು ಕಬ್ಬಿಣದ ಪೈಪು, ಇನ್ನೊಂದು ರಬ್ಬರ್ ಹೋಸು. ರಬ್ಬರ್ ತುಂಡನ್ನು ಒಬ್ಬೊಬ್ಬರೇ ಕೈಗೆ ತಗೊಂಡು ಒತ್ತಿ ನೋಡಿ, ಪಕ್ಕದವರಿಗೆ ಕೊಡಿ. ಅದು ಯಾಕೆ ಹಾಗಿದೆ ಅಂತ ಆಮೇಲೆ ಹೇಳುತ್ತೇನೆ. ಕೈ ಸ್ವಲ್ಪ ಜಿಡ್ಡಾಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಎಂಜಿನ್ ಬದಲಿಸುತ್ತೇನೆ ಅಂತ ಬರುವವರು ಎಲ್ಲಾ ಕೇಳುತ್ತಾರೆ. ಮೌಂಟಿಂಗ್ ಹೇಗೆ, ಗೇರ್ ಬಾಕ್ಸ್ ಕೂರುತ್ತಾ, ವೈರಿಂಗ್ ಯಾರು ಮಾಡ್ತಾರೆ, ರೇಡಿಯೇಟರ್ ಸಾಕಾಗುತ್ತಾ. ಸ್ಟೇರಿಂಗ್ ಪೈಪಿನ ಬಗ್ಗೆ ಇಷ್ಟು ವರ್ಷದಲ್ಲಿ ಒಬ್ಬರೂ ಮೊದಲೇ ಕೇಳಿದ್ದು ನೆನಪಿಲ್ಲ. ಎಂಜಿನ್ ಕೂತ ದಿನ ಗ್ಯಾರೇಜಿನಲ್ಲಿ ಹಬ್ಬ. ತೆಂಗಿನಕಾಯಿ ಒಡೆದು, ಸ್ಟಾರ್ಟ್ ಮಾಡಿ, ವಿಡಿಯೊ ತೆಗೆದು ಎಲ್ಲಾ ಆದ ಮೇಲೆ ಯಾರೋ ಒಬ್ಬರು ಕೆಳಗೆ ಬಗ್ಗಿ, ‘ಅಣ್ಣಾ, ಈ ಪೈಪು ಎಲ್ಲಿಗೆ ಹೋಗ್ಬೇಕು?’ ಅನ್ನುತ್ತಾರೆ. ಇವತ್ತಿನ ಮಾತು ಆ ಪೈಪಿನದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಗಿನ ಸಣ್ಣ ಕಾರುಗಳಲ್ಲಿ ಜಾಸ್ತಿ ಎಲೆಕ್ಟ್ರಿಕ್ ಸ್ಟೇರಿಂಗ್. ಅದರಲ್ಲಿ ಆಯಿಲೂ ಇಲ್ಲ, ಪೈಪೂ ಇಲ್ಲ. ನಾನು ಮಾತಾಡುತ್ತಿರುವುದು ಆಯಿಲ್ ಸ್ಟೇರಿಂಗ್ ಬಗ್ಗೆ, ಅಂದರೆ ಆಯಿಲ್ ಪ್ರೆಶರಿನಿಂದ ತಿರುಗಿಸೋದು ಹಗುರ ಮಾಡುವ ಪವರ್ ಸ್ಟೇರಿಂಗ್.

ಅದರಲ್ಲಿ ಇರೋದು ಮೂರು ಸಾಮಾನು: ಆಯಿಲ್ ಡಬ್ಬಿ, ಎಂಜಿನ್ ಬೆಲ್ಟಿನಲ್ಲಿ ತಿರುಗುವ ಪಂಪು, ಕೆಳಗೆ ಚಾಸಿಗೆ ಕೂತಿರುವ ಸ್ಟೇರಿಂಗ್ ಬಾಕ್ಸ್. ಕಾರಾದರೆ ಬಾಕ್ಸಿನ ಜಾಗದಲ್ಲಿ ರ್ಯಾಕ್. ಪೈಪೂ ಮೂರು. ಡಬ್ಬಿಯಿಂದ ಪಂಪಿಗೆ ಒಂದು ದಪ್ಪ ಹೋಸು. ಪಂಪಿನಿಂದ ಬಾಕ್ಸಿಗೆ ಪ್ರೆಶರ್ ಪೈಪು. ಬಾಕ್ಸಿನಿಂದ ಡಬ್ಬಿಗೆ ರಿಟರ್ನ್ ಪೈಪು. ಅಷ್ಟೇ ಸಂಸಾರ.

ಇದನ್ನು ಮಾಡಿದವನು ಫ್ರಾನ್ಸಿಸ್ ಡೇವಿಸ್ ಅಂತ ಒಬ್ಬ ಅಮೆರಿಕದ ಎಂಜಿನಿಯರ್. ಪಿಯರ್ಸ್ ಆರೋ ಅನ್ನೋ ಕಂಪನಿಯ ಲಾರಿ ವಿಭಾಗದಲ್ಲಿ ಇದ್ದವನು. ಲಾರಿ ಸ್ಟೇರಿಂಗ್ ತಿರುಗಿಸೋಕೆ ಡ್ರೈವರುಗಳು ಪಡುತ್ತಿದ್ದ ಪಾಡು ನೋಡಿದ್ದ. 1926ರಲ್ಲೇ ಗಾಡಿಗೆ ಹಾಕಿ ಓಡಿಸಿ ತೋರಿಸಿದ. ಆದರೆ ಮಾರಾಟದ ಕಾರಿಗೆ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. 25 ವರ್ಷ ಕಾದಿದ್ದಾನೆ ಪುಣ್ಯಾತ್ಮ. ಅವನ ಜಾಣತನ ಎಲ್ಲಿತ್ತು ಅಂದರೆ, ಗಾಡಿ ನೇರ ಹೋಗುವಾಗ ಆಯಿಲ್ ಸುಮ್ನೆ ಸುತ್ತು ಹೊಡೆಯುತ್ತಿರುತ್ತೆ, ಪ್ರೆಶರ್ ಏರುವುದಿಲ್ಲ. ನೀವು ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಒಳಗಿನ ವಾಲ್ವ್ ದಾರಿ ಕಿರಿದು ಮಾಡಿ ಪ್ರೆಶರ್ ಏರಿಸುತ್ತೆ. ಇದನ್ನು ನೆನಪಿಡಿ. ರಿಟರ್ನ್ ಪೈಪಿನಲ್ಲಿ ಆಯಿಲ್ ಯಾವಾಗಲೂ ಓಡುತ್ತಲೇ ಇರುತ್ತೆ, ಅದು ನಿಂತರೆ ಕೆಟ್ಟಿತು.

ಎಷ್ಟು ಪ್ರೆಶರ್? ನಿಮ್ಮ ಟೈರಿನಲ್ಲಿ 30 ಪೌಂಡ್ ಗಾಳಿ ಇರುತ್ತೆ, ಅಲ್ವಾ? ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಹಿಡಿದರೆ ಈ ಪೈಪಿನಲ್ಲಿ 1000ದಿಂದ 1500 ಪೌಂಡ್. ನಮ್ಮ ಗ್ಯಾರೇಜ್ ಭಾಷೆಯಲ್ಲಿ 70ರಿಂದ 100 ಕೆಜಿ ಪ್ರೆಶರ್. ರಿಟರ್ನಿನಲ್ಲಿ ಅದರ ಒಂದು ಚೂರು ಮಾತ್ರ.

ಈಗ ಎಂಜಿನ್ ಬದಲಿಸಿದಾಗ ಏನಾಗುತ್ತೆ ನೋಡಿ. ಪಂಪು ಎಂಜಿನ್ನಿಗೆ ಅಂಟಿಕೊಂಡಿದೆ, ಎಂಜಿನ್ ಜೊತೆ ಅದೂ ಬರುತ್ತೆ. ಬಾಕ್ಸ್ ಚಾಸಿಯದು, ಅದು ಎಲ್ಲೂ ಹೋಗಲ್ಲ. ಅಂದರೆ ಎಂಜಿನ್ ಮನೆ ಅಳಿಯನ ಥರ ಬೇರೆ ಊರಿಂದ ಬಂದಿದೆ. ಅವನ ಕಡೆ ಪದ್ಧತಿ ಬೇರೆ, ಈ ಮನೆ ಪದ್ಧತಿ ಬೇರೆ. ನಡುವೆ ನಿಂತು ಇಬ್ಬರಿಗೂ ಒಪ್ಪಿಗೆ ಆಗೋ ಹಾಗೆ ಮಾಡಬೇಕಾದ್ದು ಈ ಪ್ರೆಶರ್ ಪೈಪು. ಒಂದು ತುದಿ ಗಂಡಿನ ಕಡೆ ಬೀಗರಿಗೆ ಹೊಂದಬೇಕು, ಇನ್ನೊಂದು ಹೆಣ್ಣಿನ ಕಡೆಗೆ.

ಹೀಗಿರುವಾಗ ಹುಡುಗರು ಏನು ಮಾಡ್ತಾರೆ? ಅಡಾಪ್ಟರ್ ಹುಡುಕೋಕೆ ಹೊರಡುತ್ತಾರೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಸಕಲೇಶಪುರದ ಕಡೆಯಿಂದ ಒಂದು ಎಸ್ಟೇಟ್ ಜೀಪು ಬಂದಿತ್ತು. ಬಾಕ್ಸ್ ಕಡೆ ಒಂದರ ಮೇಲೊಂದು ನಾಲ್ಕು ಅಡಾಪ್ಟರ್. ಗೇಣುದ್ದದ ಹಿತ್ತಾಳೆ ಕಂಬ! ಗಾಡಿ ಕಲ್ಲಿನ ದಾರಿಯಲ್ಲಿ ಕುಲುಕಿದಾಗ ಆ ಕಂಬ ಅಲ್ಲಾಡಿ ಅಲ್ಲಾಡಿ ಬುಡದಲ್ಲಿ ಸೀಳಿತ್ತು. ಎಲ್ಲಾ ಸಂದಿಗೂ ಬಿಳಿ ಟೇಪು ಬೇರೆ ಸುತ್ತಿದ್ದರು. ನಲ್ಲಿಗೆ ಸುತ್ತುವ ಟೇಪನ್ನು ಇಲ್ಲಿ ಸುತ್ತಬೇಡಿ. ಇಲ್ಲಿ ಸೀಲ್ ಆಗೋದು ಎಳೆಯಲ್ಲಿ (ಥ್ರೆಡ್ಡಿನಲ್ಲಿ) ಅಲ್ಲ, ವಾಷರಿನಲ್ಲಿ, ಓ ರಿಂಗಿನಲ್ಲಿ, ಇಲ್ಲಾ ಪೈಪಿನ ಅರಳಿದ ಬಾಯಲ್ಲಿ. ಟೇಪಿನ ಚೂರು ಕಿತ್ತು ಹೋಗಿ ಬಾಕ್ಸಿನ ವಾಲ್ವಿಗೆ ಸಿಕ್ಕಿಕೊಂಡರೆ ಸ್ಟೇರಿಂಗ್ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ. ಆ ಜೀಪಿಗೆ ಆಗಿದ್ದೂ ಅದೇ.

ನನ್ನ ದಾರಿ ಬೇರೆ. ತುದಿಗಳನ್ನು ಮುಟ್ಟಬೇಡಿ, ನಡುವನ್ನು ಬದಲಿಸಿ. ಹೊಸ ಎಂಜಿನ್ ಜೊತೆ ಬಂದ ಹಳೇ ಪ್ರೆಶರ್ ಪೈಪು ಇದೆಯಲ್ಲ, ಅದರ ಪಂಪು ಕಡೆಯ ತುದಿ ಇಟ್ಟುಕೊಳ್ಳಿ. ನಿಮ್ಮ ಗಾಡಿಯ ಮೂಲ ಪೈಪಿನ ಬಾಕ್ಸ್ ಕಡೆಯ ತುದಿ ಇಟ್ಟುಕೊಳ್ಳಿ. ಎರಡೂ ಕಂಪನಿಯೇ ಮಾಡಿದ ತುದಿ, ಎರಡೂ ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಕೂರುತ್ತವೆ. ನಡುವೆ ಒಂದು ಹೊಸ ಹೋಸು. ಅದಕ್ಕೇ ಗುಜರಿಯಿಂದ ಎಂಜಿನ್ ತರುವಾಗ ಪೈಪನ್ನು ಕತ್ತರಿಸೋಕೆ ಬಿಡಬೇಡಿ, ಬಿಚ್ಚಿಸಿಕೊಂಡು ಬನ್ನಿ. ಗುಜರಿಯವನಿಗೆ ಅದು ಕಸ. ನಿಮಗೆ ಅದು ಎರಡು ದಿನದ ಅಲೆದಾಟ ಉಳಿಸುತ್ತೆ.

ಈಗ ಈ ಕಬ್ಬಿಣದ ತುಂಡು ನೋಡಿ. ತುದಿಯಲ್ಲಿ ಬಳೆ ಥರ ಇರೋದು ಬ್ಯಾಂಜೊ. ಟೊಳ್ಳು ಬೋಲ್ಟ್ ಇದರೊಳಗೆ ಹೋಗುತ್ತೆ. ಬಳೆಯ ಮೇಲೊಂದು, ಕೆಳಗೊಂದು ತಾಮ್ರದ ವಾಷರ್. ಬಿಚ್ಚಿದಾಗಲೆಲ್ಲಾ ಹೊಸ ವಾಷರ್ ಹಾಕಿ. ಒಮ್ಮೆ ಒತ್ತಿಸಿಕೊಂಡ ತಾಮ್ರ ಮತ್ತೆ ಹಾಗೇ ಒತ್ತಿಸಿಕೊಳ್ಳಲ್ಲ.

ಎಳೆ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರುಗಳಲ್ಲಿ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿ ಎಲ್ಲಿರುತ್ತೆ? ಜೆಸಿಬಿ, ಟ್ರ್ಯಾಕ್ಟರ್, ಟಿಪ್ಪರ್ ಓಡಾಡೋ ಹೆದ್ದಾರಿ ಪಕ್ಕ. ಬೆಂಗಳೂರಾದರೆ ಪೀಣ್ಯದಲ್ಲಿ ಬೇಕಾದಷ್ಟಿವೆ. ಒಳ್ಳೆ ಕೆಲಸಗಾರರು, ಅನುಮಾನ ಇಲ್ಲ. ಆದರೆ ಅವರ ಕಪಾಟಿನ ತುಂಬ ಇರೋದು ಇಂಚಿನ ಬಿಎಸ್‌ಪಿ ಎಳೆ, ಅಂದರೆ ಬ್ರಿಟಿಷ್ ಪೈಪ್ ಅಳತೆಯದು. ಜೆಸಿಬಿ ಇಂಗ್ಲೆಂಡಿನ ಕಂಪನಿ, ಅದರಲ್ಲಿ ಬರೋದು ಅದೇ. ನಿಮ್ಮ ಸ್ಟೇರಿಂಗ್ ಪಂಪಿನಲ್ಲಿ ಇರೋದು ಸಾಮಾನ್ಯವಾಗಿ ಮಿಲಿಮೀಟರ್ ಎಳೆ, 14 ಅಥವಾ 16 ಮಿಮೀ ದಪ್ಪ, ಒಂದೂವರೆ ಮಿಮೀ ಅಂತರ. ಈಗ ಕೇಳಿ. ಕಾಲು ಇಂಚು ಬಿಎಸ್‌ಪಿ ಅಂದರೆ ಹೊರ ಅಳತೆ 13.16 ಮಿಮೀ. ಅದನ್ನು 14ರ ತೂತಿಗೆ ಹಾಕಿದರೆ ಎರಡು ಸುತ್ತು ಹೋಗಿ ಹಿಡಿದ ಹಾಗೆ ಆಗುತ್ತೆ. ಹಿಡಿದಿರಲ್ಲ, ಎಳೆ ಅಂತರ ಬೇರೆ ಆಗಿದ್ದಕ್ಕೆ ಅಡ್ಡ ಸಿಕ್ಕಿಕೊಂಡಿರುತ್ತೆ. ಟೈಟ್ ಆಯ್ತು ಅಂತ ಬಿಟ್ಟರೆ ಮೊದಲ ಪೂರ್ತಿ ತಿರುವಿನಲ್ಲಿ ಕಿತ್ತು ಬರುತ್ತೆ. ಮೂರು ಎಂಟನೇ ಬಿಎಸ್‌ಪಿ 16.66 ಮಿಮೀ. ಅದು 16ಕ್ಕೆ ಹೋಗಲ್ಲ, ಆದರೆ ದೊಡ್ಡ ಪಾನ ಹಿಡಿದ ಹುಡುಗ ಕಳಿಸಿಯೇ ಕಳಿಸುತ್ತಾನೆ. ಅಲ್ಲಿಗೆ ಪಂಪಿನ ಅಲ್ಯೂಮಿನಿಯಂ ಬಾಯಿ ಹೋಯ್ತು. ನೂರಿನ್ನೂರು ರೂಪಾಯಿಯ ಎಳೆ ಗೇಜು ಒಂದು ಇಟ್ಟುಕೊಳ್ಳಿ. ಬೆರಳಿನಲ್ಲಿ ಎರಡು ಸುತ್ತಲ್ಲ, ಪೂರ್ತಿ ಐದಾರು ಸುತ್ತು ಹೋಗಬೇಕು. ಆಮೇಲೆ ಪಾನ.

ನನ್ನ ಚಿಕ್ಕಪ್ಪನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಓದಿದ್ದು ಕಂಪ್ಯೂಟರ್, ವಾರ ಪೂರ್ತಿ ಕೋಡು, ಶನಿವಾರ ಬಂತು ಅಂದರೆ ಶೆಡ್ಡಿನಲ್ಲಿ ಗ್ರೀಸು. ಅಲ್ಲಿ ಎಂಜಿನ್ ಬದಲಿಸೋದು ಅಂದರೆ ಅರ್ಧ ಜನಕ್ಕೆ ಒಂದೇ ಹೆಸರು, ಎಲ್‌ಎಸ್. 1997ರ ಕಾರ್ವೆಟ್‌ನಲ್ಲಿ ಜಿಎಂ ಕಂಪನಿ ತಂದ ವಿ8 ಎಂಜಿನ್ ಕುಟುಂಬ. ಅದರದೇ 5.3 ಲೀಟರಿನ ಎಂಜಿನ್ ಪಿಕಪ್ ಟ್ರಕ್ಕುಗಳಲ್ಲಿ ಬಂತು, ಗುಜರಿಯಲ್ಲಿ ರಾಶಿ ರಾಶಿ ಸಿಗುತ್ತೆ. ಇವನು ಅದನ್ನು 70ರ ದಶಕದ ಒಂದು ಶೆವ್ರೊಲೆ ಪಿಕಪ್ಪಿಗೆ ಹಾಕಿದ. ಪಂಪೂ ಜಿಎಂ, ಬಾಕ್ಸೂ ಜಿಎಂ, ಒಂದೇ ಮನೆ. ಆದರೂ ಹೊಂದಲಿಲ್ಲ! ಹೊಸ ಪಂಪಿನ ಬಾಯಿ 16 ಮಿಮೀ ಎಳೆ, ಓ ರಿಂಗ್. ಹಳೇ ಬಾಕ್ಸಿನ ಬಾಯಿ ಇಂಚಿನ ಎಳೆ, ಒಳಗೆ ಅರಳಿದ ಪೈಪಿನ ಬಾಯಿ ಕೂರುವ ಫ್ಲೇರ್ ಸೀಟು. ಮಧ್ಯದಲ್ಲಿ ಅವನು ರೇಸ್ ಕಾರಿನವರು ಬಳಸುವ ಎಎನ್ ಫಿಟ್ಟಿಂಗ್ ಹಾಕಿದ. ಅದರ ಪೈಪಿನ ಬಾಯಿ 37 ಡಿಗ್ರಿಗೆ ಅರಳಿಸಬೇಕು. ಇವನ ಹತ್ತಿರ ಇದ್ದದ್ದು ಬ್ರೇಕ್ ಪೈಪಿನ ಟೂಲು, ಅದು 45 ಡಿಗ್ರಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. ಸೋರಿತು. ಬಿಗಿ ಮಾಡಿದ, ಮತ್ತೆ ಸೋರಿತು. ಇನ್ನೂ ಬಿಗಿ ಮಾಡಿದ, ಅರಳಿದ ಬಾಯಿ ಸೀಳಿತು. ರಾತ್ರಿ 2 ಗಂಟೆಗೆ ಫೋನ್ ಮಾಡಿ, ‘ಅಣ್ಣಾ, 8 ಡಿಗ್ರಿ ವ್ಯತ್ಯಾಸಕ್ಕೆ ಒಂದು ವಾರ ಹೋಯ್ತು’ ಅಂದ. ಅವನಿಗೆ ಮಧ್ಯಾಹ್ನ, ನನಗೆ ರಾತ್ರಿ 2.

ಅವನು ಇನ್ನೊಂದು ತಪ್ಪು ಮಾಡುವುದರಲ್ಲಿದ್ದ. ಆ ಪಂಪಿನ ಬಾಯಲ್ಲಿರುವ ದಪ್ಪ ನಿಪ್ಪಲನ್ನೇ ಬಿಚ್ಚಿ ಬೇರೆ ಹಾಕೋಣ ಅಂತ. ಬಿಚ್ಚಿದರೆ ಒಳಗಿಂದ ಒಂದು ಸಣ್ಣ ಉರುಳೆ ವಾಲ್ವ್, ಅದರ ಹಿಂದೆ ಸ್ಪ್ರಿಂಗು ಬರುತ್ತೆ. ಎಷ್ಟು ಆಯಿಲ್ ಹೋಗಬೇಕು ಅಂತ ನಿರ್ಧಾರ ಮಾಡೋದು ಆ ವಾಲ್ವೇ, ಆ ನಿಪ್ಪಲಿನ ತೂತಿಗೂ ಅದರಲ್ಲಿ ಪಾಲಿದೆ. ಬೇರೆ ಪಂಪುಗಳಲ್ಲೂ ಇಂಥದ್ದು ಇರುತ್ತೆ. ತುದಿ ಮುಟ್ಟಬೇಡಿ ಅಂದದ್ದು ಇದಕ್ಕೂ ಸೇರಿ. ಟ್ರಕ್ಕಿನ ಪಂಪು ತಂದು ಕಾರಿನ ರ್ಯಾಕಿಗೆ ಜೋಡಿಸಿದರೆ ಸ್ಟೇರಿಂಗ್ ಗಾಳಿಪಟದ ಹಾಗೆ ಹಗುರ ಆಗೋದುಂಟು. ಆಗ ಆ ವಾಲ್ವನ್ನು ಗೊತ್ತಿರುವವರ ಕೈಲಿ ತಗ್ಗಿಸಬೇಕು. ಪೈಪು ಸಣ್ಣದು ಮಾಡಿ ತಡೆಯೋದು ದಾರಿ ಅಲ್ಲ.

ಸರಿ, ತುದಿ ಎರಡೂ ಸಿಕ್ಕವು. ಅಳತೆ ಯಾವಾಗ ತೆಗೆಯಬೇಕು? ಎಂಜಿನ್ ಮೌಂಟಿಂಗ್ ಪೂರ್ತಿ ಬಿಗಿಯಾಗಿ, ಹೊಗೆ ಹೊರಬರುವ ಮ್ಯಾನಿಫೋಲ್ಡು, ಸೈಲೆನ್ಸರ್ ಪೈಪು, ರೇಡಿಯೇಟರ್ ಎಲ್ಲಾ ಕೂತ ಮೇಲೆ. ಅದಕ್ಕೂ ಮೊದಲು ತೆಗೆದ ಅಳತೆ ಸುಳ್ಳು. ಆಮೇಲೆ ದಪ್ಪ ಬೈಂಡಿಂಗ್ ವೈರು ತಗೊಂಡು ದಾರಿ ಬಗ್ಗಿಸಿ ನೋಡಿ. ಕೈಲಿ ಎಂಜಿನ್ನನ್ನು ಅಲ್ಲಾಡಿಸಿ. ಡೀಸೆಲ್ ಎಂಜಿನ್ ಆಫ್ ಮಾಡುವಾಗ ಹೇಗೆ ಒದರುತ್ತೆ ನೋಡಿದ್ದೀರಲ್ಲ? ಪಂಪು ಅದರ ಜೊತೆ ಕುಣಿಯುತ್ತೆ, ಬಾಕ್ಸ್ ಕುಣಿಯಲ್ಲ. ಹಾಗಾಗಿ ನಡುವೆ ರಬ್ಬರ್ ಹೋಸು ಇರಲೇಬೇಕು, ಪೂರ್ತಿ ಕಬ್ಬಿಣದ ಪೈಪು ಹಾಕಿದರೆ ಬಿರಿಯುತ್ತೆ. ತಾಮ್ರದ ಪೈಪಂತೂ ಬೇಡವೇ ಬೇಡ, ಅದುರಿ ಅದುರಿ ಗಡುಸಾಗಿ ಮುರಿಯುತ್ತೆ.

ಹೋಸಿಗೆ ಸ್ವಲ್ಪ ಸಡಿಲ ಬಿಡಿ. ಪ್ರೆಶರ್ ಬಿದ್ದಾಗ ಈ ಹೋಸು ನೂರಕ್ಕೆ ನಾಲ್ಕರವರೆಗೂ ಗಿಡ್ಡ ಆಗಬಹುದು. ಎಳೆದು ಕಟ್ಟಿದ್ದರೆ ತುದಿಯಲ್ಲಿ ಕಿತ್ತುಕೊಳ್ಳುತ್ತೆ. ಮೂರು ಎಂಟನೇ ಇಂಚಿನ ಹೋಸಿಗೆ ಅಂಗಡಿಯವರು ಆರ್1, ಆರ್2 ಅಂತಾರೆ. ಆರ್1ರಲ್ಲಿ ಒಂದು ಪದರ ತಂತಿ, 180 ಕೆಜಿ ತಡೆಯುತ್ತೆ. ಆರ್2ರಲ್ಲಿ ಎರಡು ಪದರ, 330. ನಮ್ಮ ಕೆಲಸಕ್ಕೆ ಆರ್1 ಸಾಕು. ಎರಡನ್ನೂ 13 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವಿಗೆ ಬಗ್ಗಿಸಬಾರದು. ಅವರು ಕೇಳದಿದ್ದರೂ ನೀವು ಬಿಸಿಯ ವಿಷಯ ಎತ್ತಿ. ಮಾಮೂಲಿ ಹೈಡ್ರಾಲಿಕ್ ಹೋಸು 100 ಡಿಗ್ರಿವರೆಗಿನದು. ಎಂಜಿನ್ ಬೇ ಒಳಗೆ ಸ್ಟೇರಿಂಗ್ ಆಯಿಲ್ ಅದನ್ನು ಸಲೀಸಾಗಿ ದಾಟುತ್ತೆ. ಜಾಸ್ತಿ ಬಿಸಿ ತಡೆಯುವ ಹೋಸು ಕೇಳಿ ತಗೊಳ್ಳಿ, ಅಥವಾ ಟೆಫ್ಲಾನ್ ಒಳಪದರದ್ದು.

ಈಗ ಒಂದು ಗುಟ್ಟು. ಎರಡು ತುದಿಯೂ ಬಾಗಿದ ಪೈಪಾದರೆ, ಒಂದು ಯಾವ ಕಡೆ ಮುಖ ಮಾಡಿದೆ, ಇನ್ನೊಂದು ಯಾವ ಕಡೆ ಅನ್ನೋದು ಮುಖ್ಯ. ಅಂಗಡಿಯವರು ಮೆಷಿನ್ನಿನಲ್ಲಿ ತುದಿಯನ್ನು ಹೋಸಿಗೆ ಒತ್ತಿ ಪ್ರೆಸ್ ಮಾಡಿದ ಮೇಲೆ ತಿರುಗಿಸೋಕೆ ಬರಲ್ಲ, ತಿರುಗಿಸಿದರೆ ಹೋಸು ತಿರುಚಿಕೊಳ್ಳುತ್ತೆ. ತಿರುಚಿದ ಹೋಸಿಗೆ ಆಯಸ್ಸು ಇಲ್ಲ. ಅದಕ್ಕೆ ಎರಡು ತುದಿಯನ್ನೂ ಗಾಡಿಗೆ ಕೂರಿಸಿ, ಹೋಸು ತೂರಿಸಿ, ಮೂರಕ್ಕೂ ಸೇರುವ ಹಾಗೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಅಂಗಡಿಗೆ ತಗೊಂಡು ಹೋಗಿ. ಗೆರೆಗೆ ಗೆರೆ ಕೂರಿಸಿ ಪ್ರೆಸ್ ಮಾಡಪ್ಪಾ ಅನ್ನಿ.

ಕಬ್ಬಿಣದ ಪೈಪಿಗೆ ಹೋಸಿನ ಕಾಂಡ, ಅಂದರೆ ಹೋಸಿನೊಳಗೆ ತೂರುವ ತುಂಡು, ಜೋಡಿಸೋಕೆ ಎರಡು ದಾರಿ. ಒಂದು, ಬ್ರೇಜಿಂಗ್, ಅಂದರೆ ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆಯೋದು. ಕೈ ಪಳಗಿದವರಾದರೆ ಇದೇ ಒಳ್ಳೆಯದು. ಇನ್ನೊಂದು, ಕಚ್ಚುವ ಉಂಗುರದ ಫಿಟ್ಟಿಂಗು. ಅದರಲ್ಲಿ ಒಂದು ಮೋಸ ಇದೆ. ಪೈಪು ಇಂಚಿನದಾದರೆ ಅಳತೆ 9.52 ಮಿಮೀ, ಮಿಲಿಮೀಟರಿನದಾದರೆ 10. ಅರ್ಧ ಮಿಮೀ ವ್ಯತ್ಯಾಸ. 10ರ ಉಂಗುರ 9.52ರ ಪೈಪನ್ನು ಸರಿಯಾಗಿ ಕಚ್ಚಲ್ಲ. ವರ್ನಿಯರ್ ಇಟ್ಟು ಅಳೆಯಿರಿ, ಕಣ್ಣನ್ನು ನಂಬಬೇಡಿ. ಮತ್ತೆ, ಗ್ರೈಂಡರಿನಲ್ಲಿ ಕತ್ತರಿಸಿದ ಪೈಪಿನೊಳಗೆ ಕಬ್ಬಿಣದ ಪುಡಿ ಇರುತ್ತೆ. ಗಾಳಿ ಹೊಡೆದು, ಬಟ್ಟೆ ಎಳೆದು, ಮತ್ತೆ ಗಾಳಿ ಹೊಡೆಯಿರಿ. ಆ ಪುಡಿಯೆಲ್ಲಾ ಹೋಗಿ ಕೂರೋದು ಬಾಕ್ಸಿನ ವಾಲ್ವಿನಲ್ಲೇ.

ಆ ರಬ್ಬರ್ ತುಂಡು ಎಲ್ಲಿಗೆ ಬಂತು? ಒತ್ತಿ ನೋಡಿದಿರಾ? ನೆನೆಸಿದ ಅವಲಕ್ಕಿ ಥರ ಇದೆ, ಅಲ್ವಾ? ಅದು ನನ್ನದೇ ಕೆಲಸ. ಸುಮಾರು ವರ್ಷದ ಹಿಂದೆ ಒಂದು ಗಾಡಿಗೆ ಪ್ರೆಶರ್ ಪೈಪನ್ನು ಅಷ್ಟು ಚೆನ್ನಾಗಿ ಮಾಡಿದೆ. ರಿಟರ್ನ್ ಪೈಪು ಅಂದಾಗ, ಅದರಲ್ಲಿ ಪ್ರೆಶರ್ ಎಲ್ಲಿದೆ ಬಿಡು, ಅಂತ ಅಂಗಡಿಯಲ್ಲಿ ಉಳಿದಿದ್ದ ಹೀಟರ್ ಹೋಸು ಹಾಕಿ ಕ್ಲಿಪ್ ಬಿಗಿದೆ. ಹೀಟರ್ ಹೋಸು ಇಪಿಡಿಎಂ ರಬ್ಬರು. ನೀರಿಗೆ, ಕೂಲೆಂಟಿಗೆ ಕಲ್ಲಿನ ಹಾಗೆ ಇರುತ್ತೆ. ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತೆ. ಮೂರು ತಿಂಗಳಿಗೆ ಒಳಗಡೆ ಊದಿಕೊಂಡು ದಾರಿ ಅರ್ಧ ಮುಚ್ಚಿತ್ತು. ಆಯಿಲ್ ವಾಪಸ್ ಹೋಗೋಕೆ ಒದ್ದಾಡಿ, ಬಾಕ್ಸಿನ ಸೀಲ್ ಸೋರೋಕೆ ಶುರುವಾಯ್ತು. ನಾನು ಬುದ್ಧಿವಂತ, ಸೀಲ್ ಬದಲಿಸಿದೆ. ಮತ್ತೆ ಸೋರಿತು. ಎರಡನೇ ಸಲ ಸೀಲ್ ಬದಲಿಸುವಾಗ ಕ್ಲಿಪ್ ಸಡಿಲ ಮಾಡಿದರೆ ಹೋಸು ಕೈಗೆ ಬಂತು. ಗಾಡಿಯವರಿಗೆ ನಿಜ ಹೇಳಿ, ದುಡ್ಡು ತಗೊಳ್ಳದೆ ಮಾಡಿಕೊಟ್ಟೆ. ತುಂಡನ್ನು ಮಾತ್ರ ಇಟ್ಟುಕೊಂಡೆ. ರಿಟರ್ನಿಗೆ ಆಯಿಲ್ ಹೋಸೇ ಬೇಕು, ನೈಟ್ರೈಲ್ ರಬ್ಬರಿನದು. ಬ್ರೇಕಿನ ಓ ರಿಂಗ್‌ಗಳಿಗೂ ಇದೇ ಮಾತು. ಅವೂ ಹೆಚ್ಚಾಗಿ ಇಪಿಡಿಎಂ, ಇಲ್ಲಿಗೆ ತರಬೇಡಿ.

ಕ್ಲಿಪ್ಪು ರಿಟರ್ನಿಗೆ ಮಾತ್ರ. ಪ್ರೆಶರ್ ಕಡೆ ಎರಡು ಹಾಕಿದರೂ ಅಷ್ಟೇ, ಮೂರು ಹಾಕಿದರೂ ಅಷ್ಟೇ, ಹಾರುತ್ತೆ.

ಡಬ್ಬಿ ಪಂಪಿಗಿಂತ ಎತ್ತರದಲ್ಲಿರಲಿ. ಡಬ್ಬಿಯಿಂದ ಪಂಪಿಗೆ ಬರುವ ಹೋಸು ದಪ್ಪಗೆ, ಗಿಡ್ಡಕ್ಕೆ, ತಿರುವು ಕಮ್ಮಿ ಇರಲಿ. ಪಂಪು ದೂಡೋದರಲ್ಲಿ ಗಟ್ಟಿ, ಎಳೆದುಕೊಳ್ಳೋದರಲ್ಲಿ ಸೋಮಾರಿ. ಎಳೆದುಕೊಳ್ಳೋಕೆ ಕಷ್ಟ ಆದರೆ ಆಯಿಲಿನಲ್ಲಿ ಗುಳ್ಳೆ ಎದ್ದು ಕುಂಯ್ ಅನ್ನೋಕೆ ಶುರು ಮಾಡುತ್ತೆ. ಇನ್ನು, ರೇಡಿಯೇಟರ್ ಮುಂದೆ ಒಂದು ಬರಿ ಪೈಪು ಸುತ್ತಿಕೊಂಡು ವಾಪಸ್ ಬರೋದು ನೋಡಿದ್ದೀರಾ? ಏನೂ ಕೆಲಸ ಇಲ್ಲ ಅಂತ ಕಿತ್ತು ಬಿಸಾಡುತ್ತಾರೆ. ಅದೇ ಆಯಿಲ್ ಕೂಲರು. ಇಟ್ಟುಕೊಳ್ಳಿ.

ದಾರಿ ಬಗ್ಗೆ ಒಂದೇ ಮಾತು. ಟರ್ಬೊ, ಮ್ಯಾನಿಫೋಲ್ಡ್ ಪಕ್ಕ ಪೈಪು ಬಿಡಬೇಡಿ. ಘಾಟಿ ಹತ್ತುವಾಗ ಮ್ಯಾನಿಫೋಲ್ಡು 400, 500 ಡಿಗ್ರಿ ಮುಟ್ಟುತ್ತೆ. ಅದರ ಮೇಲೆ ಆಯಿಲ್ ಚಿಮ್ಮಿದರೆ ಹೊಗೆಯಲ್ಲಿ ನಿಲ್ಲಲ್ಲ, ಹತ್ತಿಕೊಳ್ಳುತ್ತೆ. ಬೇರೆ ದಾರಿಯೇ ಇಲ್ಲ ಅಂದರೆ ನಡುವೆ ತಗಡು ನಿಲ್ಲಿಸಿ, ಹೋಸಿಗೆ ಬಿಸಿ ತಡೆಯುವ ಕವಚ ಹಾಕಿ. ಹೊಗೆ ಬರೋವರೆಗೂ ಕಾಯಬೇಡಿ.

ಆಯಿಲ್ ತುಂಬಿಸೋದು. ಮುಂದಿನ ಎರಡು ಚಕ್ರ ನೆಲ ಬಿಟ್ಟು ಎತ್ತಿ ಸ್ಟ್ಯಾಂಡ್ ಕೊಡಿ. ಎಂಜಿನ್ ಆಫ್. ಡಬ್ಬಿ ತುಂಬಿಸಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಒಂದು 20 ಸಲ ತಿರುಗಿಸಿ. ಒಬ್ಬರು ತಿರುಗಿಸುತ್ತಾ ಇರಲಿ, ಇನ್ನೊಬ್ಬರು ಡಬ್ಬಿ ನೋಡ್ತಾ ಇರಲಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್. ಮೊದಲೇ ಸ್ಟಾರ್ಟ್ ಮಾಡಿದರೆ ಗಾಳಿ ಆಯಿಲ್ ಎರಡೂ ಕಡೆದು ಮಜ್ಜಿಗೆ ನೊರೆ ಥರ ಆಗುತ್ತೆ. ಆಮೇಲೆ ಅದು ತಿಳಿಯಾಗೋಕೆ ರಾತ್ರಿ ಪೂರ್ತಿ ಬಿಡಬೇಕು. ಸ್ಟಾರ್ಟ್ ಆದ ಮೇಲೆ ಕೊನೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ.

ಸೋರಿಕೆ ಹುಡುಕುವಾಗ ಕೈ ಆಡಿಸಬೇಡಿ. ಇದನ್ನು ತಮಾಷೆಗೆ ಹೇಳ್ತಿಲ್ಲ. 80 ಕೆಜಿ ಪ್ರೆಶರಿನಲ್ಲಿ ಸೂಜಿಮೊನೆಯಷ್ಟು ತೂತಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗಬಹುದು. ಹೊರಗೆ ಸೊಳ್ಳೆ ಕಚ್ಚಿದಷ್ಟು ಗುರುತು, ಒಳಗೆ ಬೆರಳೇ ಹೋಗುವಷ್ಟು ಗಾಯ. ಹಾಗೇನಾದರೂ ಆದರೆ ಅರಿಶಿನ ಮೆತ್ತಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಹುಡುಕೋಕೆ ಒಂದು ರಟ್ಟಿನ ತುಂಡು ಹಿಡಿಯಿರಿ. ಒದ್ದೆ ಚುಕ್ಕೆ ಬಿತ್ತು ಅಂದರೆ ಅಲ್ಲೇ ಸೋರುತ್ತಿದೆ.

ಆರ್‌ಟಿಒ ವಿಷಯ ಯಾರೋ ಕೇಳಿದರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಲ್ಲಿ ಇದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತೆ. ಎಂಜಿನ್ ತರೋಕೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ, ತಂದ ಮೇಲಲ್ಲ.

ಕೊನೆಗೆ ಒಂದು ಸದ್ದಿನ ವಿಷಯ. ಎಲ್ಲಾ ಸರಿ ಮಾಡಿದ ಮೇಲೂ ಆ ಸಕಲೇಶಪುರದವರು ಫೋನ್ ಮಾಡಿ ಸ್ಟೇರಿಂಗ್ ಹಾಡ್ತಿದೆ ಅಂದರು. ಹಾಡುತ್ತೆ. ಕಂಪನಿ ಹೋಸು ಸ್ವಲ್ಪ ಉಬ್ಬಿ ಪಂಪಿನ ಮಿಡಿತ ನುಂಗಿಕೊಳ್ಳುತ್ತೆ, ಕೆಲವದರ ಒಳಗೆ ಅದಕ್ಕೇ ಅಂತ ಒಂದು ತಂತಿ ಸುರುಳಿಯೂ ಇರುತ್ತೆ. ಹೈಡ್ರಾಲಿಕ್ ಹೋಸು ಉಬ್ಬಲ್ಲ, ಮಿಡಿತವನ್ನು ಹಾಗೇ ಬಾಕ್ಸಿಗೆ ದಾಟಿಸುತ್ತೆ. ಹೋಸನ್ನು ಒಂದು ಅಡಿ ಉದ್ದ ಮಾಡಿ, ಚಾಸಿಗೆ ಮುಟ್ಟುವ ಕಡೆ ರಬ್ಬರ್ ಕ್ಲಾಂಪ್ ಹಾಕಿದೆ. ಮುಕ್ಕಾಲು ಕಮ್ಮಿ ಆಯ್ತು. ಉಳಿದ ಕಾಲು ಭಾಗಕ್ಕೆ ರೇಡಿಯೊ ಹಾಕ್ಕೊಳ್ಳಿ ಸಾರ್ ಅಂದೆ.

ಆ ರಬ್ಬರ್ ತುಂಡು ಯಾರ ಹತ್ತಿರ ಇದೆ? ವಾಪಸ್ ಕೊಡಿ. ಕೈ ತೊಳೆಯೋಕೆ ಹಿಂದೆ ನಲ್ಲಿ ಇದೆ, ಸೋಪಿನ ಪುಡಿ ಇಟ್ಟಿದ್ದೇವೆ.